ಎಂಬತ್ತಮೂರನ್ನು ತಿದ್ದಿದವನು

ಇಪ್ಪತ್ತೆಂಟು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆ ಅಂದರೆ ಕೇಳಿದವರು ಅದನ್ನು ನಿಷ್ಠೆ ಅಂದುಕೊಳ್ಳುತ್ತಾರೆ. ನಿಷ್ಠೆಯೂ ಇಲ್ಲ, ಗಿಷ್ಠೆಯೂ ಇಲ್ಲ. ಬೇರೆ ಕಡೆ ಹೋಗಲಿಕ್ಕೆ ಆಗಲಿಲ್ಲ, ಅದಕ್ಕೇ ಇದ್ದೆ. ಚಾಮರಾಜನಗರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಮನೆ ಗುಂಡ್ಲುಪೇಟೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಹತ್ತುವ ಬಸ್ಸು ತೆರಕಣಾಂಬಿಯಲ್ಲಿ ನಿಂತು, ಡ್ರೈವರ್ ಟೀ ಕುಡಿದು, ಯಾರದೋ ಹೂವಿನ ಮೂಟೆ ಟಾಪಿಗೆ ಏರಿಸಿಕೊಂಡು ಹೊರಟರೆ ಒಂಬತ್ತೂಕಾಲಿಗೆ ನನ್ನನ್ನು ಇಳಿಸುತ್ತದೆ. ಸಂಜೆ ಅದೇ ಬಸ್ಸು, ಅದೇ ಸೀಟು, ಕಂಡಕ್ಟರ್ ಹತ್ತಿರ ಅದೇ ಮಾತು. ಮೊದಲ ಹತ್ತು ವರ್ಷ ಮೈಸೂರಿಗೆ ವರ್ಗ ಕೇಳಿ ಅರ್ಜಿ ಹಾಕುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ.

ಲ್ಯಾಬಿಗೆ ಒಂದೇ ಬಾಗಿಲು. ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ ಹೊಡೆಸಿದ್ದಾರೆ, ಕೋತಿ ಕಾಟಕ್ಕೆ. ಒಮ್ಮೆ ಒಂದು ಗಡವ ಒಳಗೆ ನುಗ್ಗಿ ಎರಡು ಮೌಸ್ ಕಿತ್ತುಕೊಂಡು ಹೋಗಿತ್ತು. ಈಗ ಅವು ಕಾಂಪೌಂಡಿನ ಮೇಲೆ ಕೂತು ಜಾಲರಿಯೊಳಗಿರುವ ನಮ್ಮನ್ನು ನೋಡುತ್ತವೆ. ಬೋನಿನಲ್ಲಿ ಯಾರಿದ್ದಾರೆ ಅನ್ನುವುದು ಅವಕ್ಕೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಮೂರು ಫ್ಯಾನು ತಿರುಗಿದರೂ ಒಳಗೆ ಗಾಳಿ ಆಡುವುದಿಲ್ಲ.

ಅಲ್ಲಿ ನಾನು ಕಲಿಸುತ್ತಿದ್ದುದು 'ಎಂಬತ್ತು ಎಂಬತ್ತೈದು' ಅನ್ನುವ ಹಳೇ ಪ್ರೊಸೆಸರ್ ಒಂದನ್ನು. ನಾನು ಮೀಸೆ ಬಾರದ ಹುಡುಗನಾಗಿದ್ದಾಗಲೇ ಅದು ಹಳತಾಗಿತ್ತು. ಲೋಕವೆಲ್ಲ ಅದನ್ನು ಮರೆತರೂ ನಮ್ಮ ಹಳೇ ಸಿಲಬಸ್ಸು ಮರೆಯಲಿಲ್ಲ. ಮೊದಲು ಅದಕ್ಕೆ ಕಿಟ್ಟುಗಳಿದ್ದವು. ತಟ್ಟೆಯಷ್ಟಗಲದ ಹಸಿರು ಬೋರ್ಡು, ಸಣ್ಣ ಗುಂಡಿಗಳು, ಉರಿಯುವ ಆರು ಕೆಂಪು ಅಂಕಿ. ವೋಲ್ಟೇಜು ಏರಿ ಇಳಿದು, ಇಲಿ ಕಡಿದು, ಒಂದೊಂದಾಗಿ ಎಲ್ಲ ಸತ್ತವು. ಹೊಸ ಕಿಟ್ಟು ಕೇಳಿದರೆ ಮೇಲಿನವರು ಕಂಪ್ಯೂಟರಿಗೆ ಎಮ್ಯುಲೇಟರ್ ಹಾಕಿಕೊಳ್ಳಿ ಅಂದರು. ಎಮ್ಯುಲೇಟರ್ ಅಂದರೆ ಹೊಸ ಕಂಪ್ಯೂಟರಿನೊಳಗೆ ಕೂತು ತಾನೇ ಆ ಹಳೇ ಯಂತ್ರ ಅಂತ ವೇಷ ಹಾಕುವ ಸಾಫ್ಟ್‌ವೇರು. ಬಿಟ್ಟಿ ಸಿಗುತ್ತದೆ, ಇಲಿ ಕಡಿಯುವುದಿಲ್ಲ.

ಅದರ ಪರದೆಯ ಎಡಕ್ಕೆ ಸಾಲಾಗಿ ಚೌಕಗಳಿವೆ. ಎ, ಬಿ, ಸಿ, ಡಿ ಅಂತ ಹೆಸರು. ಅವೇ ರಿಜಿಸ್ಟರುಗಳು. ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ರಾಗಿ ಅಳೆಯುವಾಗ ಕೈಯ ಸೇರಿನಲ್ಲಿರುವುದು ರಿಜಿಸ್ಟರು, ಅಳೆದು ಗುಡಾಣಕ್ಕೆ ಸುರಿದದ್ದು ಮೆಮೊರಿ. ಪ್ರೊಸೆಸರ್ ಲೆಕ್ಕ ಮಾಡುವಾಗ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಹಿಡಿದಿರುತ್ತದೆ, ಮುಗಿದ ಮೇಲೆ ಉತ್ತರವನ್ನು ಮೆಮೊರಿಯಲ್ಲಿ ಎತ್ತಿಡುತ್ತದೆ. ಎಮ್ಯುಲೇಟರಿನ ಗುಣವೇನೆಂದರೆ, ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಯಾವುದಾದರೂ ಚೌಕದ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಇರುವ ಸಂಖ್ಯೆ ಅಳಿಸಿ ಬೇರೆ ಬರೆಯಬಹುದು. ಯಾಕೆ, ಏನು, ಯಾರನ್ನು ಕೇಳಿ ತಿದ್ದಿದೆ ಅಂತ ಅದು ಕೇಳುವುದಿಲ್ಲ. ಹೀಗಾದರೆ ಏನಾಗುತ್ತದೆ, ಹಾಗಾದರೆ ಏನಾಗುತ್ತದೆ ಅಂತ ಪ್ರಯೋಗ ಮಾಡಲಿ ಅಂತ ಕೊಟ್ಟ ಸವಲತ್ತು ಅದು. ಶುರುವಿನಲ್ಲಿ ಊಟದ ಹೊತ್ತಿನಲ್ಲಿ ಒಬ್ಬನೇ ಕೂತು ಸುಮ್ಮನೆ ತಿದ್ದಿ ತಿದ್ದಿ ನೋಡುತ್ತಿದ್ದೆ. ಆ ಕೋಣೆಯಲ್ಲಿ ನನ್ನ ಮಾತು ಕೇಳುತ್ತಿದ್ದುದು ಅದೊಂದೇ.

ನಾವು ಆ ಸವಲತ್ತನ್ನು ಬೇರೆಯದಕ್ಕೆ ಬಳಸಿಕೊಂಡೆವು. ನಮ್ಮ ವಿಭಾಗದಲ್ಲಿ ಅದಕ್ಕೆ 'ಔಟ್‌ಪುಟ್ ಬರಿಸುವುದು' ಅನ್ನುತ್ತಾರೆ. ಲ್ಯಾಬ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಬರುತ್ತಾರೆ. ಅವರು ಒಂದೊಂದೇ ಕಂಪ್ಯೂಟರ್ ಹತ್ತಿರ ಬಂದು ಎ ರಿಜಿಸ್ಟರಿನಲ್ಲಿ ಉತ್ತರ ಬಂದಿದೆಯಾ ಅಂತ ನೋಡಿ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಪ್ರೋಗ್ರಾಮ್ ಕೈಕೊಟ್ಟ ಹುಡುಗನ ಹಿಂದೆ ನಾನು ಹೋಗಿ ನಿಂತು, "ಏಳಪ್ಪ, ಕೇಬಲ್ ಲೂಸಿರ್ಬೇಕು" ಅನ್ನುತ್ತೇನೆ. ಕೇಬಲ್ ನೋಡುವ ನೆಪದಲ್ಲಿ ಎರಡು ಕ್ಲಿಕ್ಕು, ಎರಡು ಅಂಕಿ. ಔಟ್‌ಪುಟ್ ಬಂತು. ಹಳೇ ಕಿಟ್ಟಿನ ಕಾಲದಲ್ಲಿ ಕರೆಂಟು ಹೋಗಿ ಬಂದು ಮಕ್ಕಳ ಪ್ರೋಗ್ರಾಮೆಲ್ಲ ಅಳಿಸಿಹೋದಾಗ ಕನಿಕರಕ್ಕೆ ಶುರುವಾದದ್ದು ಇದು. ಎಕ್ಸ್‌ಟರ್ನಲ್‌ಗಳಿಗೂ ಗೊತ್ತಿತ್ತು. ಅವರ ಕಾಲೇಜಿಗೆ ನಮ್ಮವರು ಹೋದಾಗ ಅಲ್ಲೂ ಯಾರದೋ ಕೇಬಲ್ ಲೂಸಾಗುತ್ತಿತ್ತು.

ಇದಕ್ಕೆಂದು ನನ್ನ ಜೇಬಿನಲ್ಲಿ ಒಂದು ಚೀಟಿ ಇರುತ್ತಿತ್ತು. ಪರೀಕ್ಷೆಯ ಇಪ್ಪತ್ತು ಪ್ರಶ್ನೆಗೂ ಉತ್ತರ ಏನು ಬರಬೇಕು ಅಂತ ಬರೆದದ್ದು. ಪ್ರಶ್ನೆಗಳು ಬದಲಾಗುತ್ತಿರಲಿಲ್ಲವಾಗಿ ಚೀಟಿ ನೋಡುವುದೂ ಬೇಕಿರಲಿಲ್ಲ, ಬಾಯಿಪಾಠವಾಗಿತ್ತು. ಏಳನೇ ಪ್ರಶ್ನೆ: ಮೂವತ್ತೆಂಟು ಮತ್ತು ನಲವತ್ತೈದನ್ನು ಕೂಡು. ಉತ್ತರ, ಏಳು ಡಿ. ಆ ಯಂತ್ರ ಎಣಿಸುವುದು ಹದಿನಾರರ ಲೆಕ್ಕದಲ್ಲಿ. ಒಂಬತ್ತಾದ ಮೇಲೆ ಅದಕ್ಕೆ ಹತ್ತಿಲ್ಲ, ಎ ಬಿ ಸಿ ಡಿ ಇ ಎಫ್ ಬರುತ್ತವೆ. ಹಾಗಾಗಿ ಅದರ ಮಟ್ಟಿಗೆ ಏಳು ಡಿ ಸರಿ. ವರ್ಷಕ್ಕೆ ಎರಡು ಸಲ, ಎಷ್ಟೋ ವರ್ಷ, ಮೂವತ್ತೆಂಟಕ್ಕೆ ನಲವತ್ತೈದು ಸೇರಿದರೆ ಏಳು ಡಿ ಅಂತ ನೋಡಿ ನೋಡಿ ನನಗೂ ಅದೇ ಸರಿಯಾಗಿತ್ತು.

ನಾನು ಹೇಳಬೇಕಿರುವುದು ಹರವೆ ಕಡೆಯ ಒಬ್ಬ ಹೆಣ್ಣುಮಗಳ ವಿಷಯ. ಡಿಪ್ಲೊಮಾದ ಎಲ್ಲ ಪೇಪರೂ ಮುಗಿಸಿ ಇದೊಂದು ಲ್ಯಾಬು ಉಳಿಸಿಕೊಂಡಿದ್ದಳು. ಮೂರು ಸಲ ಫೇಲಾಗಿದ್ದಳು. ನಡುವೆ ಮದುವೆಯಾಯಿತು, ಮಗುವಾಯಿತು. ಪರೀಕ್ಷೆ ಅಂದರೆ ಅವಳಿಗೆ ಕೈ ನಡುಕ. ಮೂರನೇ ಸಲ ಅವಳಿಗೆ ಸಿಕ್ಕಿದ್ದು ಗೋಡೆಗೆ ಅಂಟಿದ ಮೂಲೆಯ ಕಂಪ್ಯೂಟರು. ಅಲ್ಲಿ ಹಿಂದೆ ಹೋಗಿ ನಿಲ್ಲಲಿಕ್ಕೆ ಜಾಗವಿಲ್ಲ, ಹಾಗಾಗಿ ನಾನು ಔಟ್‌ಪುಟ್ ಬರಿಸಿಕೊಡಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಪಕ್ಕದಲ್ಲೇ ಇಳಿದು ಹೋದೆ. ಅದು ನನ್ನನ್ನು ತುಂಬಾ ದಿನ ಚುಚ್ಚಿತು.

ನಾಲ್ಕನೆಯದು ಹಳೇ ಸಿಲಬಸ್ಸಿನವರಿಗೆ ಕೊನೇ ಸಲ. ಅದೂ ಹೋದರೆ ಮತ್ತೆ ಪರೀಕ್ಷೆಯೇ ಇಲ್ಲ, ಮೂರು ವರ್ಷ ಓದಿದ್ದು ನೀರಿನಲ್ಲಿ ಹೋಮ. ನಂಜನಗೂಡಿನ ಒಂದು ಕಾರ್ಖಾನೆಯವರು ಡಿಪ್ಲೊಮಾ ತಗೊಂಡು ಬಾ, ಕೆಲಸ ಕೊಡುತ್ತೇವೆ ಅಂದಿದ್ದರಂತೆ. ಅವತ್ತು ಬೆಳಿಗ್ಗೆ ನನಗಿಂತ ಮೊದಲೇ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಅಣ್ಣನ ಹಳೇ ಲ್ಯಾಪ್‌ಟಾಪಿಗೆ ಇದೇ ಎಮ್ಯುಲೇಟರ್ ಹಾಕಿಸಿಕೊಂಡು, ಮಧ್ಯಾಹ್ನ ಮಗು ಮಲಗಿದಾಗ ಕೂತು, ಇಪ್ಪತ್ತು ಪ್ರೋಗ್ರಾಮೂ ಮಾಡಿ ಮಾಡಿ ನೋಡಿದ್ದೇನೆ ಅಂದಳು. "ಈ ಸಲ ನಾನೇ ಮಾಡ್ತೀನಿ ಸಾ, ಕೈ ನಡುಗಲ್ಲ," ಅಂದಳು. ನಾನು ನಕ್ಕು ಆಗಲಿ ಕಣಮ್ಮ ಅಂದೆ. ಒಳಗೊಳಗೆ ಮಾತ್ರ ಈ ಸಲ ಏನಾದರೂ ಆಗಲಿ ಇವಳಿಗೆ ಔಟ್‌ಪುಟ್ ಬರಿಸಿಯೇ ತೀರಬೇಕು ಅಂದುಕೊಂಡೆ. ಗೋಡೆಯಿಂದ ದೂರದ ಕಂಪ್ಯೂಟರಿನಲ್ಲಿ ಕೂರಿಸಿದವನೂ ನಾನೇ.

ಆ ಸಲದ ಎಕ್ಸ್‌ಟರ್ನಲ್ ಚಿಕ್ಕ ವಯಸ್ಸಿನವರು, ಈ ಕೆಲಸಕ್ಕೆ ಹೊಸಬರು. ತಿಂಡಿಗೆ ಕರೆದರೆ ಆಗಿದೆ ಅಂದರು. ನೀರಿನ ಬಾಟಲಿಯನ್ನೂ ಮನೆಯಿಂದ ತಂದಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು, ಎಚ್‌ಓಡಿ, ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಹುಷಾರು ಅಂತ ಅರ್ಥ.

ಹನ್ನೊಂದರ ಹೊತ್ತಿಗೆ ಅವಳ ಪ್ರೋಗ್ರಾಮು ಓಡಿ ನಿಂತಿತು. ಕೈ ಎತ್ತಿದಳು. ಎಕ್ಸ್‌ಟರ್ನಲ್ ಆಚೆ ಸಾಲಿನಲ್ಲಿದ್ದರು. ನಾನು ಅವಳ ಹಿಂದೆ ಹೋಗಿ ನೋಡಿದೆ. ಏಳನೇ ಪ್ರಶ್ನೆ. ಎ ರಿಜಿಸ್ಟರಿನಲ್ಲಿ ಎಂಬತ್ತಮೂರು ಅಂತ ಇದೆ. ಏಳು ಡಿ ಬರಬೇಕಾದಲ್ಲಿ ಎಂಬತ್ತಮೂರು. ಅಯ್ಯೋ, ಈ ಸಲವೂ ಕೆಡಿಸಿಕೊಂಡಳಲ್ಲ ಅಂದುಕೊಂಡೆ.

"ಏಳಮ್ಮ, ಕೇಬಲ್ ಲೂಸಿರ್ಬೇಕು," ಅಂದೆ.

"ಬಂದದೆ ಸಾ," ಅಂದಳು ಅವಳು, ಪರದೆ ತೋರಿಸಿ.

ಸುಮ್ಮನಿರು ಅಂತ ಗದರಿದೆ. ಎದ್ದು ನಿಂತಳು. ಎರಡು ಕ್ಲಿಕ್ಕು, ಎರಡು ಅಂಕಿ. ಎಂಬತ್ತಮೂರು ಹೋಗಿ ಏಳು ಡಿ ಬಂತು. ಅವಳು ಪರದೆಯನ್ನೂ ನನ್ನನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಕೃತಜ್ಞತೆ ಅಂದುಕೊಂಡೆ ನಾನು. ಮುಂದಿನ ಸಾಲಿಗೆ ಹೋಗುವಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಎಕ್ಸ್‌ಟರ್ನಲ್ ಅವಳ ಹತ್ತಿರ ಬಂದರು, ನಾನೂ ತಿರುಗಿ ಬಂದು ಪಕ್ಕದಲ್ಲಿ ನಿಂತೆ. ಎ ರಿಜಿಸ್ಟರ್ ನೋಡಿದರು. ಟಿಕ್ ಹಾಕಲಿಲ್ಲ. ಮೌಸ್ ತೆಗೆದುಕೊಂಡು, ಅವಳ ಪ್ರೋಗ್ರಾಮು ಉತ್ತರವನ್ನು ಮೆಮೊರಿಯಲ್ಲಿ ಎಲ್ಲಿ ಎತ್ತಿಟ್ಟಿದೆಯೋ ಆ ಜಾಗ ತೆರೆದರು. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಎಕ್ಸ್‌ಟರ್ನಲ್ಲೂ ಅದನ್ನು ತೆರೆದದ್ದು ನಾನು ಕಾಣೆ. ಅಲ್ಲಿ ಎಂಬತ್ತಮೂರು ಹಾಗೇ ಕೂತಿತ್ತು. ನಾನು ಸೇರಿನಲ್ಲಿದ್ದದ್ದನ್ನು ಬದಲಾಯಿಸಿದ್ದೆ, ಗುಡಾಣಕ್ಕೆ ಸುರಿದದ್ದನ್ನು ಮರೆತಿದ್ದೆ.

"ಎ ರಿಜಿಸ್ಟರ್‌ನಲ್ಲಿ ಒಂದು, ಮೆಮೊರಿಯಲ್ಲಿ ಒಂದು," ಅಂದರು ಅವರು, ದನಿ ಏರಿಸದೆ. "ಪ್ರೋಗ್ರಾಮ್ ನಿಂತ ಮೇಲೆ ಯಾರೋ ಕೈಯಿಂದ ತಿದ್ದಿದ್ದಾರೆ. ಯಾರಮ್ಮ ತಿದ್ದಿದ್ದು?"

ಅವಳು ಒಂದು ಸಲ, ಒಂದೇ ಸಲ ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. "ಗೊತ್ತಿಲ್ಲ ಸಾ," ಅಂದಳು.

ಅವರು ಅವಳ ಉತ್ತರದ ಹಾಳೆ ಎತ್ತಿಕೊಂಡು, ಹೊರಗೆ ನಿಂತಿರಿ ಅಂದರು. ಇದು ಮಾಲ್‌ಪ್ರಾಕ್ಟೀಸ್ ಅಂತ ಎಚ್‌ಓಡಿಗೆ ಹೇಳಿದ್ದು ಲ್ಯಾಬಿಗೆಲ್ಲ ಕೇಳಿಸಿತು. ಕೀಬೋರ್ಡಿನ ಶಬ್ದ ನಿಂತುಹೋಯಿತು. ನಾನು ಅವಳ ಖಾಲಿ ಕುರ್ಚಿಯ ಪಕ್ಕ ನಿಂತೇ ಇದ್ದೆ. ಮೇಜಿನ ಮೇಲೆ ಅವಳ ಪ್ರಶ್ನೆಪತ್ರಿಕೆ ಇತ್ತು. ಕಣ್ಣಿಗೆ ಎಲ್ಲಾದರೂ ಒಂದು ಜಾಗ ಬೇಕಿತ್ತು, ಅದನ್ನು ಓದಿದೆ. ಏಳನೇ ಪ್ರಶ್ನೆ. ಮೂವತ್ತೆಂಟು ಮತ್ತು ನಲವತ್ತೈದನ್ನು ಕೂಡು. ಅದರ ಕೆಳಗೆ ಇನ್ನೊಂದು ಸಾಲು: ಉತ್ತರ ದಶಮಾಂಶದಲ್ಲಿರಬೇಕು.

ದಶಮಾಂಶ ಅಂದರೆ ನಾವು ನೀವು ದಿನಾ ಎಣಿಸುವ ಹತ್ತರ ಲೆಕ್ಕ. ಹದಿನಾರರ ಲೆಕ್ಕವನ್ನು ಹತ್ತರ ಲೆಕ್ಕಕ್ಕೆ ತಿರುಗಿಸಲು ಆ ಪ್ರೊಸೆಸರಿಗೆ ಒಂದು ಆಜ್ಞೆ ಇದೆ. ಅವಳು ಅದನ್ನು ಐದನೇ ಸಾಲಿನಲ್ಲಿ ಬರೆದಿದ್ದಳು. ಮೂವತ್ತೆಂಟಕ್ಕೆ ನಲವತ್ತೈದು ಸೇರಿದರೆ ಎಂಬತ್ತಮೂರು. ಗುಂಡ್ಲುಪೇಟೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಹೇಳುತ್ತಾಳೆ ಎಂಬತ್ತಮೂರು ಅಂತ. ಮೂರನೇ ಕ್ಲಾಸಿನ ಮಗು ಬೆರಳು ಮಡಚಿ ಹೇಳುತ್ತದೆ. ತಪ್ಪು ಅಂತ ಅನ್ನಿಸಿದ್ದು ಇಡೀ ಜಿಲ್ಲೆಯಲ್ಲಿ ನನಗೊಬ್ಬನಿಗೆ. ಆ ಸಲ ಪ್ರಶ್ನೆಪಟ್ಟಿಯಲ್ಲಿ ಬದಲಾವಣೆ ಇದೆ, ಎಲ್ಲರೂ ನೋಡಿಕೊಳ್ಳಿ ಅಂತ ಎಚ್‌ಓಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ನಾನು ಕೈ ಮುಗಿದ ಚಿತ್ರ ಒತ್ತಿ ಕಳಿಸಿ ಸುಮ್ಮನಾಗಿದ್ದೆ. ಅವಳ ಕುರ್ಚಿಯ ಮೇಲೇ ಕೂತುಬಿಟ್ಟೆ.

ಎಚ್‌ಓಡಿ ಕೋಣೆಯಲ್ಲಿ ನಾವು ಮೂವರು ಕೂತೆವು, ಬಾಗಿಲು ಹಾಕಿಕೊಂಡು. ಅವಳು ಹೊರಗೆ ಕಾರಿಡಾರಿನಲ್ಲಿ ನಿಂತಿದ್ದಳು. ಎಚ್‌ಓಡಿ ಕಾಫಿ ತರಿಸಿದರು. ಈ ಬಿಟ್ಟಿ ಸಾಫ್ಟ್‌ವೇರುಗಳೇ ಹೀಗೆ ಸಾರ್, ಹ್ಯಾಂಗ್ ಆಗಿ ಏನೇನೋ ತೋರಿಸುತ್ತವೆ ಅಂದರು.

"ಹ್ಯಾಂಗ್ ಆದ್ರೆ ಸರಿಯಾಗಿ ಏಳು ಡಿಗೇ ಹ್ಯಾಂಗ್ ಆಗುತ್ತಾ ಸಾರ್?" ಅಂದರು ಎಕ್ಸ್‌ಟರ್ನಲ್. ಆಮೇಲೆ ನನ್ನ ಕಡೆ ತಿರುಗಿದರು. "ನೀವು ಅವರ ಹತ್ತಿರ ಹೋಗಿದ್ರಿ. ಏನಾದ್ರೂ ನೋಡಿದ್ರಾ?"

ಎಚ್‌ಓಡಿ ಕಾಫಿ ಲೋಟ ನೋಡುತ್ತಿದ್ದರು. ನನ್ನ ಮನಸ್ಸು ಅಷ್ಟು ಹೊತ್ತಿನಲ್ಲಿ ಎಲ್ಲೆಲ್ಲಿಗೆ ಹೋಗಿ ಬಂತೋ. ನಾನು ತಿದ್ದಿದೆ ಅಂದರೆ ಈ ಸಲ ಒಂದೇನಾ, ಹಿಂದಿನವೂ ನೀವೇನಾ ಅಂತ ಕೇಳುತ್ತಾರೆ. ಯಾರು ಹೇಳಿದ್ದು, ಯಾರಿಗೆ ಗೊತ್ತಿತ್ತು ಅಂತ ಕೇಳುತ್ತಾರೆ. ಎದುರಿಗೆ ಕೂತಿರುವ ಎಚ್‌ಓಡಿಯೂ ಅದರಲ್ಲಿ ಬೀಳುತ್ತಾರೆ. ನನಗೆ ಸರ್ವಿಸ್ಸು ಎರಡು ವರ್ಷ ಉಳಿದಿತ್ತು. ಸಸ್ಪೆಂಡಾಗಿ ಗುಂಡ್ಲುಪೇಟೆಯ ಬೀದಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತದೆ ನಿಂತಿರುವ ನನ್ನನ್ನು ನಾನೇ ಕಂಡೆ. ಯಾವ ಬಸ್ಸನ್ನು ಇಪ್ಪತ್ತೆಂಟು ವರ್ಷ ಶಪಿಸಿದ್ದೆನೋ ಅದು ತಪ್ಪಿಹೋಗುತ್ತದಲ್ಲ ಅಂತ ಭಯವಾಯಿತು.

"ಇಲ್ಲ," ಅಂದೆ.

ಆ ಎಕ್ಸ್‌ಟರ್ನಲ್ ಕೆಟ್ಟವರಲ್ಲ. ಮಗುವಿನ ತಾಯಿ, ಹಳೇ ಸಿಲಬಸ್ಸು, ಕೊನೇ ಅವಕಾಶ ಅಂತೆಲ್ಲ ಎಚ್‌ಓಡಿ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು. ಹಳೇ ಉತ್ತರ ಬಾಯಿಪಾಠ ಮಾಡಿ ಬಂದು ಹೆದರಿ ತಿದ್ದಿರಬೇಕು, ಮೆಮೊರಿಯಲ್ಲಿ ಸರಿಯಾದದ್ದೇ ಇದ್ದರೂ ಕೈಯಿಂದ ತಿದ್ದಿದ್ದು ತಿದ್ದಿದ್ದೇ ಅಂದರು. ಕೇಸ್ ಬರೆಯುವುದಿಲ್ಲ, ಆದರೆ ನಾಳೆ ಯಾರಾದರೂ ಕೇಳಿದರೆ ನನ್ನ ಕೈಯಲ್ಲಿ ಕಾಗದ ಇರಬೇಕು ಅಂದರು. ತಾನೇ ತಿದ್ದಿದ್ದು ಅಂತ ಅವಳು ತಪ್ಪೊಪ್ಪಿಗೆ ಬರೆದುಕೊಟ್ಟರೆ ಪಾಸಿಗೆ ಬೇಕಾದಷ್ಟು ಮಾರ್ಕ್ಸ್ ಮಾತ್ರ ಹಾಕಿ ಮುಗಿಸುತ್ತೇನೆ ಅಂದರು. ಎಚ್‌ಓಡಿ ಉಸಿರು ಬಿಟ್ಟು, ಬರೆಸಿಕೊಂಡು ಬನ್ನಿ ಅಂತ ನನ್ನನ್ನೇ ಕಳಿಸಿದರು.

ಕಾರಿಡಾರಿನ ಬೆಂಚಿನ ಮೇಲೆ ಕೂತು ಅವಳು ಬರೆದಳು. ನಾನು ನಿಂತು ಹೇಳಿದೆ. 'ಪ್ರೋಗ್ರಾಮ್ ಮುಗಿದ ನಂತರ ನಾನು ಎ ರಿಜಿಸ್ಟರಿನ ಬೆಲೆಯನ್ನು ಬದಲಾಯಿಸಿರುತ್ತೇನೆ. ನನ್ನ ತಪ್ಪನ್ನು ಕ್ಷಮಿಸಬೇಕಾಗಿ ಪ್ರಾರ್ಥನೆ.' ದುಂಡು ಅಕ್ಷರ. ನಡುವೆ ಒಮ್ಮೆ ಪೆನ್ನು ನಿಲ್ಲಿಸಿ ತಲೆ ಎತ್ತಿದಳು. "ನಾನು ಅಂತಲೇ ಬರೀಲಾ ಸಾ?" ಅಂದಳು.

ಹೂಂ ಅಂದೆ. ಬರೆದು ಸಹಿ ಹಾಕಿದಳು. ಕೈ ನಡುಗಲಿಲ್ಲ.

ಆ ಕಾಗದ ಲ್ಯಾಬಿನ ಬೀರುವಿನ ಫೈಲಿಗೆ ಹೋಯಿತು. ಬೀರುವಿನ ಬೀಗದ ಕೈ ಇರುವುದು ನನ್ನ ಹತ್ತಿರವೇ. ಎರಡು ಸಲ ತೆಗೆದು ಓದಿದೆ, ಹರಿದು ಹಾಕೋಣ ಅನ್ನಿಸಿತು, ಹಾಕಲಿಲ್ಲ. ಅದರ ಪ್ರತಿ ಎಕ್ಸ್‌ಟರ್ನಲ್ ಹತ್ತಿರ ಇದೆ, ಹರಿದರೆ ಪ್ರಯೋಜನವೂ ಇಲ್ಲ. ನಾನೇ ತಿದ್ದಿದ್ದು ಅಂತ ಬರೆದುಕೊಡೋಣ ಅಂತ ಒಂದು ದಿನ ಕೂತೆ. ಬರೆದರೆ ವಿಚಾರಣೆ, ವಿಚಾರಣೆ ಮುಗಿಯುವ ತನಕ ಅವಳ ರಿಸಲ್ಟ್ ತಡೆಹಿಡಿಯುತ್ತಾರೆ, ಪಾಸಾದದ್ದೂ ಹೋಗಬಹುದು. ಅವಳಿಗಾಗಿಯೇ ಬರೆಯುತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಮಾತು ನಿಜವೇ. ಆದರೆ ಹೆದರಿಕೆ ಮೊದಲು ಬಂದದ್ದು, ಈ ಕಾರಣ ಆಮೇಲೆ ಬಂದದ್ದು.

ಅವತ್ತಿನಿಂದ ಔಟ್‌ಪುಟ್ ಬರಿಸುವುದನ್ನು ಬಿಟ್ಟೆ ಅಂತ ಇಲ್ಲಿ ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಬಿಡಲಿಲ್ಲ. ಹೊಸ ಸಿಲಬಸ್ಸಿನಲ್ಲಿ ಪ್ರೊಸೆಸರ್ ಬೇರೆಯಾದರೂ ಎಮ್ಯುಲೇಟರು, ಅದರ ಚೌಕಗಳು ಇದ್ದೇ ಇದ್ದವು. ಮುಂದಿನ ಪರೀಕ್ಷೆಯಲ್ಲಿ ಒಬ್ಬ ಹುಡುಗ ಸಾರ್ ಸಾರ್ ಅಂತ ಕಣ್ಣಲ್ಲೇ ಬೇಡಿಕೊಂಡ. ಎಚ್‌ಓಡಿ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು. ನಾನು ಹೋದೆ, ಕೇಬಲ್ ಲೂಸಿರ್ಬೇಕು ಅಂದೆ. ಕಲಿತ ಪಾಠ ಒಂದೇ, ರಿಜಿಸ್ಟರಿನ ಜೊತೆಗೆ ಮೆಮೊರಿಯನ್ನೂ ತಿದ್ದಿದೆ. ಥೂ ನಿನ್ನ ಜನ್ಮಕ್ಕೆ ಅಂತ ಬಸ್ಸಿನಲ್ಲಿ ನನ್ನನ್ನು ನಾನೇ ಬೈದುಕೊಂಡೆ. ಪಕ್ಕದ ಸೀಟಿನವನು ತನಗೇ ಬೈದೆ ಅಂದುಕೊಂಡು ಎದ್ದು ಹೋದ.

ಕೆಲವು ತಿಂಗಳಾದ ಮೇಲೆ ಅವಳು ಕಾಲೇಜಿಗೆ ಬಂದಳು, ಡಿಪ್ಲೊಮಾ ಸರ್ಟಿಫಿಕೇಟು ತೆಗೆದುಕೊಳ್ಳಲು. ಆಫೀಸಿನಲ್ಲಿ ಕೆಲಸ ಮುಗಿಸಿಕೊಂಡು ನೇರ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಯಾರೂ ಇರಲಿಲ್ಲ. ನಾನು ಎದ್ದು, ಬಾಮ್ಮ, ಕೆಲಸಕ್ಕೆ ಸೇರಿದೆಯಾ ಅಂದೆ. ಬರುವ ಸೋಮವಾರದಿಂದ ಅಂದಳು. ಆಮೇಲೆ ಬ್ಯಾಗಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ನನ್ನ ಮೇಜಿನ ಮೇಲೆ ಹರಡಿದಳು. ಆ ಪ್ರೋಗ್ರಾಮು. ಏಳು ಸಾಲು.

"ಇದ್ರಲ್ಲಿ ತಪ್ಪು ಎಲ್ಲದೆ ಸಾ?" ಅಂದಳು. "ಮನೇಲಿ ಮಾಡಿ ಮಾಡಿ ನೋಡ್ದೆ. ಎಷ್ಟ್ ಸಲ ಮಾಡುದ್ರೂವೆ ಎಂಬತ್ಮೂರೇ ಬತ್ತದೆ. ನೀವೇ ತಿದ್ದುದ್ರಿ ಅಂದ್ಮೇಲೆ ಎಲ್ಲೋ ತಪ್ಪಿರ್ಬೇಕು. ಅದೊಂದ್ ಹೇಳ್ಕೊಡಿ. ಕೆಲ್ಸುಕ್ಕೆ ಹೋದ್ಮೇಲೆ ಅದೇ ತಪ್ಪು ಮಾಡ್‌ಬಾರ್ದು."

ನಾನು ಅಂದುಕೊಂಡಿದ್ದೇ ಬೇರೆ. ಅವಳಿಗೆ ಎಲ್ಲ ಗೊತ್ತು, ನನ್ನನ್ನು ಕಾಪಾಡಿದಳು, ಮನಸ್ಸಿನಲ್ಲಿ ಶಪಿಸುತ್ತಿರುತ್ತಾಳೆ ಅಂತ ಅಷ್ಟು ತಿಂಗಳೂ ಅಂದುಕೊಂಡಿದ್ದೆ. ಅವಳು ಎಕ್ಸ್‌ಟರ್ನಲ್ ಎದುರು ಬಾಯಿ ಮುಚ್ಚಿಕೊಂಡದ್ದು ನಾನು ತನ್ನ ತಪ್ಪು ತಿದ್ದಿದೆ ಅಂತ ನಂಬಿ. ಸ್ವಂತವಾಗಿ ಕಲಿತು, ಸ್ವಂತವಾಗಿ ಮಾಡಿ, ಸರಿಯಾದ ಉತ್ತರ ತೆಗೆದವಳು ಅಷ್ಟು ದಿನ ಆ ಏಳು ಸಾಲಿನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಾ ಕೂತಿದ್ದಳು.

"ತಪ್ಪಿಲ್ಲ ಕಣಮ್ಮ," ಅಂದೆ. "ನಿಂದು ಸರಿಯಾಗೇ ಇತ್ತು. ಪ್ರಶ್ನೆ ಓದದೆ ತಿದ್ದಿದ್ದು ನಾನು."

ಅವಳು ಹಾಳೆಯನ್ನು ಮತ್ತೆ ಅದೇ ಮಡಿಕೆಗೆ ಮಡಚಿದಳು. ನಿಧಾನವಾಗಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಂಗಾದ್ರೆ ಆ ಲೆಟ್ರು ನೀವು ಬರೀಬೇಕಿತ್ತಲ್ವಾ ಸಾ," ಅಂದಳು.

ಈಗಲೇ ಬರೆಯುತ್ತೇನೆ ಅಂದೆ. ಆ ಹೊತ್ತಿನಲ್ಲಿ ನಿಜವಾಗಿಯೂ ಬರೆಯುತ್ತಿದ್ದೆ, ಕೈ ಪೆನ್ನಿಗೆ ಹೋಗಿತ್ತು. ಬೇಡ ಅಂದಳು. ಬರೆದರೆ ಕೈಗೆ ಬಂದ ಸರ್ಟಿಫಿಕೇಟು ವಾಪಸ್ ಕೇಳುತ್ತಾರೆ, ನಂಜನಗೂಡಿನ ಕೆಲಸವೂ ಹೋಗುತ್ತದೆ ಅಂದಳು. ನಾನು ತಿಂಗಳುಗಟ್ಟಲೆ ಯೋಚಿಸಿ ಕಂಡುಕೊಂಡಿದ್ದನ್ನು ಅವಳು ನಿಂತ ನಿಲುವಿನಲ್ಲೇ ಕಂಡಿದ್ದಳು. ಆದರೆ ಒಂದು ಕೇಳಿಕೊಂಡಳು. ಅವತ್ತು ಪರೀಕ್ಷೆಗೆ ಬಂದಿದ್ದ ಯಾರೋ ಅವಳ ಊರಿನಲ್ಲಿ ಸುದ್ದಿ ಹಬ್ಬಿಸಿದ್ದರು. ಕಾಪಿ ಹೊಡೆದು ಸಿಕ್ಕಿಬಿದ್ದು, ಕೈಕಾಲು ಹಿಡಿದು ಪಾಸಾದಳು ಅಂತ ಮನೆಯಲ್ಲೂ ಎಲ್ಲರೂ ನಂಬಿದ್ದರು. ಯಾರೂ ಬೈದಿರಲಿಲ್ಲ. ಆದರೆ ಕರೆಂಟಿನದಾಗಲಿ ಲೆಕ್ಕದ್ದಾಗಲಿ ಅವಳೇನಾದರೂ ಹೇಳಲು ಹೋದರೆ ನಿಂಗೇನ್ ಗೊತ್ತು ಬುಡು ಅನ್ನುತ್ತಿದ್ದರಂತೆ.

"ನಮ್ ಮನೆಯೋರು ಗೇಟ್ ತಾವು ನಿಂತವ್ರೆ," ಅಂದಳು. "ಅವರ್ಗೊಂದ್ ಮಾತು ನೀವೇ ಹೇಳ್ಬುಡಿ ಸಾ. ನನ್ ಮಾತು ನಂಬಲ್ಲ."

ಇಷ್ಟಾದರೂ ಮಾಡಬಹುದಲ್ಲ ಅಂತ ನನ್ನ ಎದೆ ಹಗುರವಾಯಿತು. ಬಾಗಿಲಿಗೆ ಬೀಗವನ್ನೂ ಹಾಕದೆ ಅವಳ ಜೊತೆ ನಡೆದೆ. ಗಂಡ ಬೈಕಿಗೆ ಒರಗಿ ನಿಂತಿದ್ದವನು ನನ್ನನ್ನು ಕಂಡದ್ದೇ ನೆಟ್ಟಗಾದ, ಕೈ ಮುಗಿದ. ಬೈಕಿನ ಹ್ಯಾಂಡಲಿಗೆ ನೇತುಹಾಕಿದ್ದ ಚೀಲದಿಂದ ಏಲಕ್ಕಿ ಬಾಳೆಯ ಎರಡು ಚಿಪ್ಪು ತೆಗೆದು, ನಮ್ಮ ತೋಟದ್ದು ಸಾ ಅಂತ ನನ್ನ ಎರಡೂ ಕೈಗೆ ತುಂಬಿದ. ಬೇಡ ಅನ್ನುವಷ್ಟರಲ್ಲಿ ನನ್ನ ಕೈಯಲ್ಲಿತ್ತು.

"ನೋಡಪ್ಪ," ಅಂದೆ. "ನಿನ್ನ ಹೆಂಡ್ತಿ ಕಾಪಿ ಹೊಡೀಲಿಲ್ಲ. ಅವಳು ಮಾಡಿದ್ದು ಸರಿಯಾಗೇ ಇತ್ತು. ಅದನ್ನ ತಿದ್ದಿ ಕೆಡಿಸಿದ್ದು ನಾನು. ನನ್ನ ತಪ್ಪಿಗೆ ಅವಳು ಬರೆದುಕೊಟ್ಟಳು."

ಅವಳೊಬ್ಬಳನ್ನು ಬಿಟ್ಟರೆ ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರ ಮುಂದೆಯೂ ಹೇಳಿರದ ಮಾತು ಅದು. ಹೇಳಿ ಅವನ ಮುಖ ನೋಡಿದೆ. ಸಿಟ್ಟು ಮಾಡಿಕೊಳ್ಳಲಿ, ಕೊರಳಪಟ್ಟಿ ಹಿಡಿಯಲಿ ಅಂತ ಕಾದೆ. ಅವನ ಕಣ್ಣು ತುಂಬಿಕೊಂಡಿತು.

"ನೀವು ದೊಡ್ ಮನ್ಸೋರು ಸಾ, ಅದ್ಕೇ ಅಂಗಂತೀರಿ," ಅಂದ. "ಇವ್ಳ್ ಮಾನ ಉಳ್ಸಕ್ಕೆ ತಪ್ಪ ನಿಮ್ ಮ್ಯಾಲೆ ಆಕಂತಿದೀರಿ. ಯಾವ್ ಮೇಷ್ಟ್ರು ಇಂಗ್ ಮಾಡಾರು."

ಇಲ್ಲಪ್ಪ, ನಾನು ಹೇಳುತ್ತಿರುವುದು ನಿಜ ಅಂದೆ. ಆಣೆ ಇಟ್ಟು ಹೇಳಿದೆ. ಹೇಳಿದಷ್ಟೂ ಅವನು ಇನ್ನಷ್ಟು ಬಗ್ಗಿ ಕೈ ಮುಗಿದ. ಕೊನೆಗೆ ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಎರಡೂ ಕೈಯಲ್ಲಿ ಬಾಳೆಹಣ್ಣು ಇದ್ದುದರಿಂದ ನನಗೆ ಅವನನ್ನು ತಡೆಯಲೂ ಆಗಲಿಲ್ಲ.

ಅವಳು ನನ್ನನ್ನು ನೋಡುತ್ತಿರಲಿಲ್ಲ. ಬಗ್ಗಿದ ಗಂಡನ ಬೆನ್ನು ನೋಡುತ್ತಿದ್ದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೈಕಿನ ಹತ್ತಿರ ಹೋದಳು.

"ಆಯ್ತು, ಹೋಗನ ನಡೀರಿ," ಅಂದಳು ಗಂಡನಿಗೆ.